ಎಡಗಿವಿಯ ಸಾಲು

ನನ್ನ ಕಿವಿಗಳಿಗೆ ಈಚೆಗೆ ಸೊಕ್ಕು ಬಂದಿದೆ. ಮೊದಲು ಹೀಗಿರಲಿಲ್ಲ. ಹಾಕಿದ್ದನ್ನು ಉಣ್ಣುವ ಬಡಪಾಯಿ ಕಿವಿಗಳು ಅವು. ಔರಾದಿನ ನಮ್ಮ ಹಿಟ್ಟಿನ ಗಿರಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಲ್ಟಿನ ಪಟಪಟ, ಕಲ್ಲಿನ ಗರಗರ, ಮೋಟಾರಿನ ಗುಂಯ್ ಎನ್ನುವ ದನಿ, ಎಲ್ಲವನ್ನೂ ನುಂಗಿಕೊಂಡು ಒಂದು ದಿನವೂ ತಕರಾರು ತೆಗೆಯದೆ ಬಾಳಿದವು. ಈಗ ನೋಡಿದರೆ, ಬಸ್ಸಿನಲ್ಲಿ ಪಕ್ಕದವರು ಮೊಬೈಲಿನಲ್ಲಿ ಒಂದು ಹಾಡು ಹಚ್ಚಿದರೆ ಸಾಕು, 'ತಾಳ ಮುಂದೆ ಬಂದಿದೆ, ದನಿ ಹಿಂದೆ ಉಳಿದಿದೆ' ಎಂದು ನನ್ನೊಳಗೆ ಚಾಡಿ ಹೇಳುತ್ತವೆ. ಹತ್ತನೆಯ ತರಗತಿಗೆ ಪುಸ್ತಕ ಮುಚ್ಚಿ ಹಿಟ್ಟಿನ ಜರಡಿ ಹಿಡಿದ ಹೆಂಗಸಿಗೆ ಇಂಥ ಕಿವಿ ಎಲ್ಲಿಂದ ಬಂತು ಎಂದರೆ, ಅದಕ್ಕೆ ಒಂದು ಹೆಡ್‌ಫೋನು ಕಾರಣ. ಹೆಡ್‌ಫೋನಿಗೆ ನಮ್ಮ ಮನೆಯವರು ಕಾರಣ. ಅವರು ಈಗ ಇಲ್ಲ.

'ಅವರು ಈಗ ಇಲ್ಲ' ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗುವುದು ನನಗಿನ್ನೂ ಸಲೀಸಾಗಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಈಗ ಹೇಳುತ್ತೇನೆ.

ಗಿರಣಿ ನಡೆಸುವ ಗಂಡ ಹೆಂಡತಿ ಮೆಲ್ಲಗೆ ಮಾತಾಡಿದ್ದನ್ನು ನೀವು ಕಂಡಿರಲಾರಿರಿ. ಮೋಟಾರಿನ ಮೇಲೆ ದನಿ ಎತ್ತಿ ಎತ್ತಿ ಗಂಟಲು ಅಲ್ಲಿಯೇ ನಿಂತುಬಿಡುತ್ತದೆ. ಗಿರಣಿ ಮುಚ್ಚಿ ಮನೆಗೆ ಬಂದರೂ ಇಳಿಯುವುದಿಲ್ಲ. ನಾನು 'ಪಲ್ಯ ಹಾಕ್ಲೇನ್ರಿ?' ಎಂದು ಕೇಳಿದರೆ, ಅವರು 'ಸಾಕು!' ಎಂದರೆ, ಓಣಿಗೆ ಅದು ಜಗಳ. ಹೊಸದಾಗಿ ಬಾಡಿಗೆಗೆ ಬಂದ ಪಕ್ಕದ ಮನೆಯವರು ಒಂದು ಸಂಜೆ ಬಿಡಿಸಲು ಓಡಿಬಂದು, ನಾವಿಬ್ಬರೂ ಎದುರುಬದುರು ಕೂತು ನಗುತ್ತ ರೊಟ್ಟಿ ತಿನ್ನುವುದನ್ನು ಕಂಡು, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋದರು. ಹೀಗೆ ನನ್ನ ನೆನಪಿನಲ್ಲಿ ಅವರ ದನಿ ಎಂದರೆ ಕೂಗು. ಅದು ನೂರು ಬಗೆಯಲ್ಲಿ ನೆನಪಿದೆ. ಆದರೆ ಅದೇ ದನಿ ಹಾಡಿಗೆ ಇಳಿದಾಗ ಹೇಗಿರುತ್ತಿತ್ತು? ಅವರು ಹೋದ ಮೇಲೆ ಎಷ್ಟು ಹುಡುಕಿದರೂ ಅದೊಂದು ಮಾತ್ರ ಸಿಗಲಿಲ್ಲ. ಇಟ್ಟಲ್ಲಿ ಇಲ್ಲದ ಕೀಲಿಕೈ ಹುಡುಕುವಂತೆ ಹುಡುಕುತ್ತಿದ್ದೆ.

ಹಾಡುತ್ತಿದ್ದರಾ ಎಂದು ಕೇಳಬೇಡಿ. ಸೋಮವಾರ ಸೋಮವಾರ ಮಠದ ಪಡಸಾಲೆಯಲ್ಲಿ ನಮ್ಮೂರವರ ಭಜನೆ ಇರುತ್ತಿತ್ತು. ನಮ್ಮ ಕಡೆ ಭಜನೆಗೆ ಎರಡು ಸಾಲು. ಎದುರುಬದುರು ಕೂರುತ್ತಾರೆ. ಒಂದು ಸಾಲು ಪದ ಹಿಡಿಯುತ್ತದೆ, ಇನ್ನೊಂದು ಸಾಲು ಅದನ್ನೇ ತಿರುಗಿಸಿ ಒಪ್ಪಿಸುತ್ತದೆ. ಹಿಡಿಯುವ ಸಾಲಿನಲ್ಲಿ ಬಲ್ಲವರು, ಹಾರ್ಮೋನಿಯಂ ಮುಂದಿಟ್ಟುಕೊಂಡ ಬಂಡೆಪ್ಪ ಮಾಸ್ತರರಂಥವರು. ತಿರುಗಿಸುವ ಸಾಲಿನಲ್ಲಿ ಉಳಿದವರು. ನಮ್ಮ ಮನೆಯವರು ಮದುವೆಗೆ ಮುಂಚಿನಿಂದ ಕೊನೆಯವರೆಗೂ ಉಳಿದವರಲ್ಲೇ ಉಳಿದರು. ನಾವು ಹೆಂಗಸರು ಗೋಡೆಯ ಕಡೆ ಕೂತು ಕೇಳುತ್ತಿದ್ದೆವು. ಎಲ್ಲರ ದನಿ ಕೂಡಿ ಬರುವಾಗ ಯಾರದು ಯಾವುದು ಎಂದು ಯಾರು ಬೇರೆ ಮಾಡುತ್ತಾರೆ? ಬೇರೆ ಮಾಡಿಟ್ಟುಕೊಳ್ಳಬೇಕು ಎಂದು ಆಗ ಯಾರಿಗೆ ಹೊಳೆದಿತ್ತು?

ಆಮೇಲೆ ಮಳೆ ಮುನಿಸಿಕೊಂಡ ವರ್ಷಗಳು ಬಂದವು. ಜೋಳ ಬಾರದೆ ಗಿರಣಿಯ ಕಲ್ಲು ಮಧ್ಯಾಹ್ನವೆಲ್ಲ ಸುಮ್ಮನೆ ಇರತೊಡಗಿತು. ಮಂದಿ ಗಂಟುಮೂಟೆ ಕಟ್ಟಿ ಬಸ್ಸು ಹತ್ತತೊಡಗಿದರು. ಕೆಲವರು ಹೈದರಾಬಾದಿನ ಕಟ್ಟಡಗಳಿಗೆ, ಕೆಲವರು ಪುಣೆಯ ಕಡೆಗೆ. ಭಜನೆಯ ಸಾಲುಗಳೂ ಇನ್ನೇನು ಹಲ್ಲು ಬಿದ್ದ ಬಾಯಿಯಂತಾಗುವುದರಲ್ಲಿದ್ದವು. ಉಳಿದವರೂ ಚದುರುವ ಮುಂಚೆ ಎಲ್ಲರ ದನಿಯನ್ನಾದರೂ ಹಿಡಿದಿಡೋಣ ಎಂದು ಬಂಡೆಪ್ಪ ಮಾಸ್ತರರು ಒಂದು ಸೋಮವಾರ ಎರಡು ಸಾಲುಗಳ ನಡುವೆ ಎರಡೂ ಬದಿಯ ದನಿ ಬೇರೆ ಬೇರೆ ಹಿಡಿಯುವ ಒಂದು ಪುಟ್ಟ ರೆಕಾರ್ಡರ್ ಇಟ್ಟು ಎಲ್ಲವನ್ನೂ ತುಂಬಿಕೊಂಡರಂತೆ. 'ಅಂತೆ' ಏಕೆಂದರೆ ಅವತ್ತು ನಾನಿರಲಿಲ್ಲ, ತಂಗಿಯ ಮನೆಗೆ ಭಾಲ್ಕಿಗೆ ಹೋಗಿದ್ದೆ. ಮುಂದಿನ ಬೇಸಿಗೆಯಲ್ಲಿ ಎದೆನೋವು ಎಂದು ಕೂತವರು ನಮ್ಮ ಮನೆಯವರು, ಏಳಲಿಲ್ಲ.

ದಿನಕರ್ಮವೆಲ್ಲ ಮುಗಿದ ಮೇಲೆ ಮಾಸ್ತರರು ಬಂದು ನನ್ನ ಕೈಗೆ ಬೆಂಕಿಪೊಟ್ಟಣದಷ್ಟು ಒಂದು ಪ್ಲೇಯರ್ ಇಟ್ಟರು. ಜೊತೆಗೆ ಅದರದೇ ಇಯರ್‌ಫೋನು.

"ತಂಗಿ, ಇದರಾಗ ಶರಣಪ್ಪನ ದನಿ ಅದವ್ವ. ಬ್ಯಾಸರಾದಾಗ ಕೇಳು" ಎಂದರು.

ಕೇಳಿದೆ. ಖಾಲಿ ಗಿರಣಿಯಲ್ಲಿ, ಮಧ್ಯಾಹ್ನದ ಹೊತ್ತು, ಬಾಗಿಲು ಅರ್ಧ ಎಳೆದುಕೊಂಡು ಕೇಳಿದೆ. ಹಿಡಿಯುವ ಸಾಲು ಬಲಗಿವಿಯಲ್ಲಿ ಗಟ್ಟಿಯಾಗಿ ಬಂತು. ಮಾಸ್ತರರ ಹಾರ್ಮೋನಿಯಂ ಬಂತು. ಆಮೇಲೆ ತಿರುಗಿಸುವ ಸಾಲಿನ ಪಾಳಿ. ಅಲ್ಲಿ ಏನಿಲ್ಲ. ಎಲ್ಲೋ ದೂರದ ಬಾವಿಯೊಳಗೆ ಯಾರೋ ಗೊಣಗಿದ ಹಾಗೆ ಒಂದು ಸಣ್ಣ ಗುಜುಗುಜು, ಮತ್ತೆ ಹಿಡಿಯುವ ಸಾಲು. ನನಗೆ ಆಶ್ಚರ್ಯವೇ ಆಗಲಿಲ್ಲ ನೋಡಿ. ಹೌದಲ್ಲ, ಆ ಹೊತ್ತಿಗೆ ಆ ಸಾಲಿನವರೆಲ್ಲ ದುಡಿಯಲು ಹೋಗಿದ್ದರಲ್ಲ, ಇವರೊಬ್ಬರೇ ತಿರುಗಿಸಿದರೆ ಎಷ್ಟು ಕೇಳೀತು ಎಂದುಕೊಂಡೆ. ಆ ವರ್ಷಗಳಲ್ಲಿ ನಮ್ಮಲ್ಲಿ ಏನು ಖಾಲಿ ಕಂಡರೂ ಅದಕ್ಕೆ ಒಂದೇ ಕಾರಣ ಸಿದ್ಧವಾಗಿರುತ್ತಿತ್ತು. ಶಾಲೆಯ ಬೆಂಚು ಖಾಲಿಯೇ? ಪುಣೆ. ಮನೆಯ ಬಾಗಿಲಿಗೆ ಬೀಗವೇ? ಹೈದರಾಬಾದು. ಎಡಗಿವಿ ಖಾಲಿಯಾದರೆ ಅದಕ್ಕೂ ಅದೇ ಕಾರಣ ಹಚ್ಚಿದೆ. ಅಷ್ಟೂ ಸಾಲದೆಂದು, ಗಿರಣಿಯಲ್ಲಿ ನನ್ನ ಎಡಗಿವಿ ಯಾವಾಗಲೂ ಮೋಟಾರಿನ ಕಡೆಗೇ ಇರುತ್ತಿದ್ದುದರಿಂದ, ಅದು ಮಂದವಾಗಿರಬೇಕು ಎಂಬ ಅನುಮಾನವೂ ಇತ್ತು. ಮಾಸ್ತರರು ನನ್ನ ಸಮಾಧಾನಕ್ಕೆ 'ಶರಣಪ್ಪನ ದನಿ ಅದ' ಎಂದಿರಬೇಕು ಎಂದು ಸುಮ್ಮನಾದೆ. ತಿಂಗಳುಗಟ್ಟಲೆ, ತಿರುಗುತ್ತರವಿಲ್ಲದ ಭಜನೆಯನ್ನೇ ಕೇಳಿದೆ.

ಭಾಲ್ಕಿಯಲ್ಲಿ ನನ್ನ ತಂಗಿ ಕಮಲಾಬಾಯಿಯ ಮನೆಗೆ ಹೋದಾಗ ಅವಳು, "ನನಗೂ ಕೇಳ್ಸು, ಭಾವನ ದನಿ" ಎಂದು ಪಕ್ಕಕ್ಕೆ ಬಂದು ಕೂತಳು. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಮಾಡುವ ಹಾಗೆ, ಬಲದ್ದು ನಾನು ಸಿಗಿಸಿಕೊಂಡು ಎಡದ್ದು ಅವಳಿಗೆ ಕೊಟ್ಟೆ.

"ಏನೂ ಬರ್ಲಾಕತ್ತಿಲ್ಲಲ್ಲ ಅಕ್ಕಾ."

"ಬರ್ಲಾಕತ್ತದಲ್ಲ. ಹಾರ್ಮೋನಿಯಂ ಕೇಳಸ್ಲಾಕತ್ತದ."

"ನಿಂಗ ಹಾರ್ಮೋನಿಯಂ. ನಂಗ ಓಣ್ಯಾಗಿನ ಕತ್ತಿ ಒದರೋದು ಕೇಳಸ್ತದ."

"ನಿನ್ನ ಕಿವಿ ಹೋಗ್ಯಾವ ಕಮಲಿ."

"ಹೋಗಿದ್ರ ಚಲೋನೇ ಇತ್ತು. ನಮ್ಮತ್ತಿ ಮಾತು ಕೇಳೋದು ತಪ್ತಿತ್ತು!" ಎಂದು ಅವಳು ನನ್ನದನ್ನು ಕಿತ್ತುಕೊಂಡು ತನ್ನದನ್ನು ನನಗೆ ತುರುಕಿದಳು. ನನಗೂ ಏನೂ ಕೇಳಿಸಲಿಲ್ಲ. ಬಲಗಿವಿಗೆ ಹಾಕಿ ನೋಡಿದೆ, ಎಡಗಿವಿಗೆ ಹಾಕಿ ನೋಡಿದೆ. ಓಣಿಯ ಕತ್ತೆ ಮಾತ್ರ ಕೇಳಿಸಿತು.

"ಇದು ಸತ್ತು ಎಷ್ಟು ದಿನಾ ಆತೋ! ಇಷ್ಟು ದಿನಾ ಅರ್ಧಾನೇ ಕೇಳೀಯೇನು ಅಕ್ಕಾ?" ಎಂದಳು ಕಮಲಿ.

ಸತ್ತದ್ದು ಇಯರ್‌ಫೋನಿನ ಎಡಭಾಗ, ನನ್ನ ಕಿವಿಯಲ್ಲ, ಆ ಸಾಲೂ ಅಲ್ಲ. ಇದು ತಲೆಗೆ ಹೋದದ್ದೇ ತಡ, ನಾನು ಎದ್ದು ಚಪ್ಪಲಿ ಮೆಟ್ಟಿದೆ. ಒಲೆಯ ಮೇಲೆ ಚಹಾ ಇತ್ತು. ಕಮಲಿ ಅದನ್ನು ಇಳಿಸಿ, ಸೆರಗು ಸರಿಮಾಡಿಕೊಳ್ಳುತ್ತ ಹಿಂದೆ ಓಡಿ ಬಂದಳು. ಅವರು ಹೋದ ಮೇಲೆ ನಾನು ಅಷ್ಟು ಜೋರಾಗಿ ನಡೆದದ್ದು ಅದೇ ಮೊದಲು.

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಮೊಬೈಲ್ ಅಂಗಡಿ. ಇಯರ್‌ಫೋನುಗಳು ಒಣಗಲು ಹಾಕಿದ ಮೆಣಸಿನಕಾಯಿ ಸರದಂತೆ ಬಾಗಿಲಿಗೆ ನೇತಾಡುತ್ತಿದ್ದವು. ಅಂಗಡಿಯವನು ಒಂದನ್ನು ಇಳಿಸಿ, ತನ್ನ ಅಂಗಿಯ ಚುಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟು, ತನ್ನದೇ ಮೊಬೈಲಿನಿಂದ ಒಂದು ಹಾಡು ಹಚ್ಚಿದ. ಕಿವಿಯೊಳಗೆ ಯಾರೋ ಒನಕೆ ಹಿಡಿದು ನಿಂತಂತಾಯಿತು.

"ಬೇಸ್ ನೋಡ್ರಿ ಕಾಕು, ಎದಿ ಅಲ್ಲಾಡ್ತದ!"

"ನಮ್ಮ ಗಿರಣಿ ಮುಂದ ಬಂದು ಕುಂದ್ರಪ್ಪ, ಮನಿನೇ ಅಲ್ಲಾಡ್ತದ. ನನ್ನ ಹಾಡು ಹಚ್ಚು" ಎಂದು ಪ್ಲೇಯರನ್ನು ಮುಂದಿಟ್ಟೆ.

ಹಿಡಿಯುವ ಸಾಲು ಪದ ಹಿಡಿಯಿತು. ಅದರ ಪಾಳಿ ಮುಗಿಯಿತು. ಆಮೇಲೆ, ಏನು ಹೇಳಲಿ, ನನ್ನ ಎಡಗಿವಿಯಲ್ಲಿ ಮಂದಿಯೇ ಮಂದಿ! ಪುಣೆಗೆ ಹೋದವರು, ಹೈದರಾಬಾದಿಗೆ ಹೋದವರು, ಯಾವ ಬಸ್ಸಿಗೂ ಕಾಯದೆ ಒಂದೇ ಉಸಿರಿನಲ್ಲಿ ತಿರುಗಿ ಬಂದು ಕೂತಿದ್ದರು. ಸಾಲು ಇತ್ತು. ತುಂಬಿದ ಸಾಲು. ಹೋಗುವ ಮುಂಚೆ ಎಲ್ಲರೂ ಬಂದು ಹಾಡಿ ಹೋಗಿದ್ದರು. ನಾನು ಗಲ್ಲಾಪೆಟ್ಟಿಗೆ ಹಿಡಿದುಕೊಂಡು ಜೋರಾಗಿ ನಕ್ಕುಬಿಟ್ಟೆ.

"ಹೇಳಿದ್ನಲ್ರಿ ಕಾಕು, ಬೇಸ್ ಅಂದ್ರ ಬೇಸ್!" ಎಂದ ಅಂಗಡಿಯವನು.

ಅದನ್ನೇ ಕೊಂಡು ಬರಬಹುದಿತ್ತು. ಆದರೆ ಸುಖ ಸಿಕ್ಕ ಕೂಡಲೇ ಆಸೆ ಹುಟ್ಟುತ್ತದೆ. ಸಾಲು ಸಿಕ್ಕಿತು, ಸಾಲಿನಲ್ಲಿ ಅವರೆಲ್ಲಿ? ಎಲ್ಲ ದನಿಗಳೂ ಕಲಸಿದ ಹಿಟ್ಟಿನಂತೆ ಒಂದೇ ಮುದ್ದೆಯಾಗಿದ್ದವು. ಇನ್ನೊಂದು ಇಳಿಸೆಂದೆ, ಮತ್ತೊಂದು ಇಳಿಸೆಂದೆ. ಒಂದು ನನ್ನ ಕಿವಿಯಲ್ಲಿ ನಿಲ್ಲದೆ ಜಾರಿ ಜಾರಿ ಬಿತ್ತು. ಒಂದು ಎಷ್ಟು ಒಳಗೆ ಹೋಯಿತೆಂದರೆ ಹೊರಗೆ ತರಲು ಕಮಲಿಯ ಹೇರ್‌ಪಿನ್ ಬೇಕಾಯಿತು.

ಅಂಗಡಿಯಲ್ಲಿ ವಸ್ತು ಪರೀಕ್ಷೆ ಮಾಡುವುದು ನನಗೇನು ಹೊಸದಲ್ಲ. ಜೋಳವಾದರೆ ಒಂದು ಕಾಳು ಹಲ್ಲಿಗೆ ಕೊಟ್ಟು ಕಟ್ ಎಂದರೆ ಒಣಗಿದೆ ಎಂದು ಗೊತ್ತು. ಬೆಲ್ಲವಾದರೆ ನಾಲಿಗೆಯ ತುದಿಗೆ, ತೊಗರಿಬೇಳೆಯಾದರೆ ಅಂಗೈಗೆ. ಬಟ್ಟೆಯನ್ನು ಹಿಂಡಿ ನೋಡುತ್ತೇವೆ, ಗಡಿಗೆಯನ್ನು ಬೆರಳಿಂದ ಬಡಿದು ನೋಡುತ್ತೇವೆ. ಹೆಡ್‌ಫೋನನ್ನು ಪರೀಕ್ಷಿಸುವುದು ಯಾವುದರಿಂದ? ಕಿವಿಯಿಂದ ಎನ್ನುತ್ತೀರಿ. ನನಗೆ ಹಾಗನ್ನಿಸುವುದಿಲ್ಲ. ಪ್ರತಿಯೊಬ್ಬರೂ ತಮ್ಮದೊಂದು ದನಿಯನ್ನು ಒಳಗೆ ಇಟ್ಟುಕೊಂಡೇ ಆ ಅಂಗಡಿಗೆ ಬರುತ್ತಾರೆ. ಅದಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡುತ್ತಾರೆ. ನನ್ನ ಕಷ್ಟವೆಂದರೆ, ಅಳತೆಗೆ ಬೇಕಾದ ಆ ದನಿಯೇ ಕಳೆದುಹೋಗಿತ್ತು. ಸೇರು-ಪಾವು ಇಲ್ಲದೆ ಜೋಳ ಅಳೆಯಲು ಹೊರಟವಳು ನಾನು.

"ಬೀದರಕ್ಕ ಹೋಗಾಣ ನಡಿ. ಅಲ್ಲಿ ದೊಡ್ಡವು ಸಿಗ್ತಾವ, ತಲಿ ಮ್ಯಾಲ ಹಾಕೋವು" ಎಂದಳು ಕಮಲಿ. ಅವಳಿಗೂ ಹುಚ್ಚು ಹತ್ತಿತ್ತು. ಮರುದಿನ ರೈಲು ಹತ್ತಿ ಇಬ್ಬರೂ ಬೀದರಿಗೆ ಹೋದೆವು. ಹೊಸ ಸೀರೆ ಆರಿಸಲು ಹೋಗುವವರ ಹಾಗೆ ದಾರಿಯುದ್ದಕ್ಕೂ ಗಲಗಲ ಮಾತಾಡಿದೆವು.

ಬೀದರಿನ ಅಂಗಡಿ ಹಳೆಯ ಊರಿನ ಒಂದು ಗಲ್ಲಿಯಲ್ಲಿತ್ತು. ಮಾಲೀಕರು ಬಿಳಿ ಗಡ್ಡದವರು, ಸಾವಧಾನದ ಮನುಷ್ಯ. ನನಗೆ ಬೇಕಾದದ್ದನ್ನು ನಾನು ಹೇಳಿದೆ. "ಬಹಳ ಮಂದಿ ಹಾಡ್ತಾರ್ರಿ. ಅದರಾಗ ಒಬ್ಬರು ಬೇಕಾಗ್ಯಾರ" ಎಂದೆ. ಅವರು ನನ್ನ ಮುಖ ನೋಡಿದರು, ಯಾರು ಎಂದು ಕೇಳಲಿಲ್ಲ.

"ಕೂಡ್ರಿ ಅಮ್ಮಾ, ಆರಾಮಾಗಿ ಕೂಡ್ರಿ. ಜಲ್ದಿ ಏನದ?" ಎಂದು ಒಂದು ಸ್ಟೂಲು ಎಳೆದು ಕೊಟ್ಟರು.

ಮೊದಲನೆಯದು ತಲೆಯನ್ನು ಇಕ್ಕಳದಂತೆ ಹಿಡಿಯಿತು. ಎರಡನೆಯದು ಹಗುರ, ಸ್ಪಂಜಿನದು; ಗಲ್ಲಿಯ ಆಟೋಗಳೂ ಭಜನೆಗೆ ಬಂದು ಕೂತವು. ಮೂರನೆಯದನ್ನು ಅವರು ಪೆಟ್ಟಿಗೆಯಿಂದ ಎರಡೂ ಕೈಯಲ್ಲಿ ತೆಗೆದರು. ಕಪ್ಪು ಬಣ್ಣ, ಕಿವಿಗೆ ಬಟ್ಟಲಿನಷ್ಟು ದೊಡ್ಡ ಮೆತ್ತೆ. ಹಾಕಿಕೊಂಡೆ. ಎಲ್ಲವೂ ಗೋಣಿಚೀಲದೊಳಗಿಂದ ಕೇಳಿದ ಹಾಗೆ ಕೇಳಿಸಿತು. ಮಾಲೀಕರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಕೈಯನ್ನು ತಮ್ಮ ತಲೆಯ ಹತ್ತಿರ ಒಯ್ದರು, ಇಳಿಸಿದರು. ಕೊನೆಗೆ ಕಮಲಿಯ ಕಡೆ ತಿರುಗಿ ಬಹಳ ಸಂಕೋಚದಿಂದ, "ಬೆಹನ್‌ಜಿ, ಅವರಿಗಿ ಹೇಳ್ರಿ, ಪಲ್ಲು ಥೋಡಾ..." ಎಂದರು. ನಾನು ತಲೆಯ ಮೇಲಿನ ಸೆರಗಿನ ಮೇಲೆಯೇ ಹೆಡ್‌ಫೋನು ಏರಿಸಿಕೊಂಡಿದ್ದೆ! ಸೆರಗು ಜಾರದಂತೆ ಹಿಡಿಯಲು ಇಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೂ ಇದ್ದೆ. ಅವರು ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಸೆರಗಿನ ಕೆಳಗೆ ಅದನ್ನು ಕೂರಿಸಿಕೊಂಡೆ. "ಕೋಡು ಬಂದ ಎಮ್ಮಿ ಕಂಡಂಗ ಕಾಣ್ತಿ ಅಕ್ಕಾ" ಎಂದು ಕಮಲಿ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು.

ನಗು ನನಗೂ ಬಂತು. ಆದರೆ ಅಷ್ಟರಲ್ಲಿ ಪದ ಶುರುವಾಗಿತ್ತು. ಗಲ್ಲಿ ಇಲ್ಲ, ಆಟೋ ಇಲ್ಲ, ಕಮಲಿ ಇಲ್ಲ. ಮಠದ ಪಡಸಾಲೆ ಇತ್ತು. ಯಾರೋ ಕೆಮ್ಮಿದರು. ಯಾರದೋ ಮೊಣಕಾಲು ಲಟಕ್ ಎಂದಿತು. ಹಾರ್ಮೋನಿಯಂ ಉಸಿರೆಳೆದದ್ದೂ ಕೇಳಿಸಿತು. ಹಿಡಿಯುವ ಸಾಲು ಪದ ಹಿಡಿಯಿತು. ಅವರ ಕೊನೆಯ ಅಕ್ಷರ ಇನ್ನೂ ಬಾಯಲ್ಲಿ ಇರುವಾಗಲೇ, ಎಡಗಿವಿಯಲ್ಲಿ, ಒಂದು ದನಿ ಎದ್ದಿತು. ಒಂದೇ ಒಂದು. ಅದರ ಹಿಂದೆ ಉಳಿದ ಸಾಲು ಓಡಿಬಂದು ಕೂಡಿಕೊಂಡಿತು. ಮುಂದಿನ ಸರತಿಗೂ ಹಾಗೇ. ಅದರ ಮುಂದಿನದಕ್ಕೂ ಹಾಗೇ. ಎಲ್ಲರಿಗಿಂತ ರವಷ್ಟು ಮುಂಚೆ ಏಳುವ ಒಂದು ಒರಟು ದನಿ. ಮೋಟಾರಿನ ಮೇಲೆ ನನ್ನನ್ನು ಕೂಗುತ್ತಿದ್ದ ದನಿಯೇ, ಹಾಡಿಗೆ ಇಳಿದಿತ್ತು.

ಮಾಸ್ತರರು ವರ್ಷಗಟ್ಟಲೆ ಸಿಟ್ಟಾಗುತ್ತಿದ್ದದ್ದು ಆಗ ನೆನಪಾಯಿತು. "ಯಾರ್ರೀ ಅದು, ನಾವು ಮುಗಿಸೂದ್ರಾಗ ಹಿಡಿಯೋರು? ಜರಾ ದಮ್ ಹಿಡೀರಿ!" ಎಂದು ಅವರು ಗದರಿದಾಗ, ಆ ಸಾಲಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಮ್ಮ ಮನೆಯವರೂ ಅಕ್ಕಪಕ್ಕ ನೋಡಿ, 'ಯಾರಪ್ಪಾ ಅದು' ಎನ್ನುವ ಮುಖ ಮಾಡುತ್ತಿದ್ದರು. ಕಳ್ಳ ಸಿಕ್ಕಿದ್ದ! ಯಾಕೆ ಮುಂಚೆ ಹಿಡಿಯುತ್ತಿದ್ದರು ಎನ್ನುವುದೂ ನನಗೆ ಆ ಸ್ಟೂಲಿನ ಮೇಲೆಯೇ ಹೊಳೆಯಿತು. ಗಿರಣಿಯಲ್ಲಿ ಮಾತು ಕೇಳಿಸುವುದಿಲ್ಲ. ಎದುರಿನವರ ತುಟಿ ನೋಡಿ, 'ಸಣ್ಣಗ ಬೀಸ್ರಿ' ಎನ್ನುವುದು ಮುಗಿಯುವ ಮುಂಚೆಯೇ ತಲೆ ಆಡಿಸಬೇಕು. ಅವರು ಭಜನೆಯಲ್ಲೂ ಎದುರಿನ ಸಾಲಿನ ತುಟಿಗಳನ್ನೇ ನೋಡುತ್ತ ಕೂರುತ್ತಿದ್ದರು. ತುಟಿ ಮುಚ್ಚುವ ಸುಳಿವು ಸಿಕ್ಕರೆ ಸಾಕು, ಇವರು ಶುರು. ಬೇರೆಯವರು ಕಿವಿಯಿಂದ ಹಾಡಿದರೆ ಇವರು ಕಣ್ಣಿನಿಂದ ಹಾಡುತ್ತಿದ್ದರು.

"ಇಲ್ಲಿ ಅದಾರ! ಕಮಲಿ, ಇಲ್ಲೇ ಅದಾರ!" ಎಂದೆ. ಕಿವಿ ಮುಚ್ಚಿದ್ದರಿಂದ ನನಗೆ ಮೆಲ್ಲಗೆ ಹೇಳಿದಂತಿತ್ತು. ಅದು ಗಿರಣಿಯ ದನಿಯೇ ಆಗಿತ್ತೆಂದು, ಎದುರಿನ ಬಳೆ ಅಂಗಡಿಯವರು ಎದ್ದು ಬಂದು ಬಾಗಿಲಲ್ಲಿ ನಿಂತಾಗ ಗೊತ್ತಾಯಿತು. ಕಮಲಿ ತಾನೂ ಹಾಕಿಕೊಂಡು ಕೇಳಿದಳು.

"ಯಾರು? ಈ ಮುಂಚಿ ಹಿಡಿಯೋರಾ?"

"ಅವರೇ."

"ಹೌದಲ್ಲ ಮತ್ತ!" ಎಂದಳು. "ಊಟಕ್ಕೂ ಎಲ್ಲರಕಿಂತ ಮುಂಚೀನೇ ಕೂಡ್ತಿದ್ರು." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು. ನನ್ನವು ತುಂಬಲಿಲ್ಲ. ನನಗೆ ಹಬ್ಬದ ಹಾಗೆ ಆಗಿತ್ತು.

ಆಗ ಮಾಲೀಕರು ಇನ್ನೊಂದು ಪೆಟ್ಟಿಗೆ ತೆರೆದರು. ಅದು ಇನ್ನೂ ಚೆಲುವಾದದ್ದು. "ಇದು ಕೇಳ್ರಿ ಅಮ್ಮಾ, ಇದರಾಗ ಮಿಠಾಸ್ ಅದ" ಎಂದರು. ಕೇಳಿದೆ. ನಿಜವಾಗಿಯೂ ಬೆಲ್ಲದ ಪಾಕ. ಎಲ್ಲ ದನಿಗಳೂ ನುಣ್ಣಗೆ ಒಂದರೊಳಗೊಂದು ಇಳಿದು, ನಮ್ಮೂರ ಭಜನೆ ರೇಡಿಯೋದಲ್ಲಿ ಬರುವ ಭಜನೆಯಂತಾಯಿತು. ಯಾರೂ ಮುಂಚೆ ಇಲ್ಲ, ಯಾರೂ ತಡ ಇಲ್ಲ. ಕೆಮ್ಮಿಲ್ಲ, ಮೊಣಕಾಲಿಲ್ಲ. ಅವರನ್ನು ಹುಡುಕಿದೆ. ಪಾಕದಲ್ಲಿ ಕರಗಿ ಹೋಗಿದ್ದರು.

"ಎಲ್ಲರೂ ಇದನ್ನೇ ಒಯ್ತಾರ. ಆ ಕರೀದು ರೆಕಾರ್ಡಿಂಗ್ ಮಾಡೋ ಮಂದಿ ಒಯ್ತಾರಮ್ಮಾ. ಅದರಾಗ ಹಾಡೋರ ತಪ್ಪು, ಗಲತಿ ಎಲ್ಲಾ ಕೇಳಸ್ತದ, ಅದಕ್ಕ" ಎಂದರು ಮಾಲೀಕರು.

"ಗಲತಿ ಕೇಳ್ಸೋದೇ ಕೊಡ್ರಿ" ಎಂದೆ.

ಅವರು ಚೆಲುವಾದ ಪೆಟ್ಟಿಗೆಯನ್ನು ಮುಚ್ಚಿ ಬದಿಗೆ ಸರಿಸಿದರು. ವೈರನ್ನು ಹೇಗೆ ಸುತ್ತಬೇಕು, ಹೇಗೆ ಸುತ್ತಿದರೆ ಒಳಗೆ ಮುರಿಯುತ್ತದೆ ಎಂದು ತೋರಿಸಿಕೊಟ್ಟರು. ಹೊರಡುವಾಗ, "ಎಡಗಡಿದು ಸಂಭಾಳಿಸ್ರಿ ಅಮ್ಮಾ" ಎಂದರು. ನಾನು ಎಡಗಡೆಯ ಬಟ್ಟಲನ್ನೇ ಅಂಗೈಯಿಂದ ಒತ್ತಿಕೊಳ್ಳುತ್ತಿದ್ದುದನ್ನು ನೋಡುತ್ತ, ಇಷ್ಟು ಹೊತ್ತೂ ಅವರು ಯಾವುದನ್ನೂ ಕೇಳದೆ ಎಲ್ಲವನ್ನೂ ತಿಳಿದುಕೊಂಡಿದ್ದರು.

ಅಂದು ಕಮಲಿ ಭಾಲ್ಕಿಗೆ ಹೋಗಲಿಲ್ಲ, ನನ್ನ ಜೊತೆ ಔರಾದಿನ ಬಸ್ಸು ಹತ್ತಿದಳು. ಕಿಟಕಿಯ ಹೊರಗೆ ಬೋಳು ಹೊಲಗಳು, ನಿಂತಲ್ಲೆಲ್ಲ ಗಂಟು ಹಿಡಿದು ಬೇರೆ ದಿಕ್ಕಿನ ಬಸ್ಸಿಗೆ ಕಾಯುತ್ತ ನಿಂತ ಮಂದಿ. ಒಳಗೆ ನಾನು, ಸೆರಗಿನ ಕೆಳಗೆ ಎರಡು ಕೋಡು ಮೂಡಿಸಿಕೊಂಡು, ಇಷ್ಟು ದಿನ ಕೇಳದ ಅರ್ಧ ಭಜನೆಯನ್ನು ಹೊಟ್ಟೆ ತುಂಬ ಕೇಳುತ್ತ ಕೂತಿದ್ದೆ. ಹಿಡಿಯುವ ಸಾಲು ಹಿಡಿಯುತ್ತಿತ್ತು. ಅವರು ಏಳುತ್ತಿದ್ದರು. ಸಾಲು ಅವರ ಬೆನ್ನು ಹತ್ತುತ್ತಿತ್ತು. ಕಮಲಿ ಪಕ್ಕೆಗೆ ತಿವಿದಾಗ ಒಂದು ಕಡೆಯ ಬಟ್ಟಲು ಎತ್ತಿದೆ.

"ಅಕ್ಕಾ, ನೀ ಹಾಡ್ಲಾಕತ್ತೀದಿ!"

"ಮನಸ್ಸಿನ್ಯಾಗ ಹಾಡ್ಕೋಳಾಕತ್ತಿದ್ದೆ."

"ನಿನ್ನ ಮನಸ್ಸು ಡ್ರೈವರ್‌ಗಿ ಕೇಳಸ್ಲಾಕತ್ತದ."

ಬಸ್ಸೆಲ್ಲ ತಿರುಗಿ ನೋಡುತ್ತಿತ್ತು. ನನಗೆ ಸೀಟಿನ ಕೆಳಗೆ ಇಳಿದುಬಿಡಬೇಕು ಎನ್ನಿಸಿತು. ಮುಂದಿನ ಸೀಟಿನಲ್ಲಿದ್ದ ಒಬ್ಬ ಮುದುಕಿ ಮಾತ್ರ, "ಹಾಡ್ಲಿ ಬಿಡವ್ವ, ದಾರಿ ಸಾಗ್ತದ" ಎಂದಳು. ಜೀವಮಾನವೆಲ್ಲ ಗೋಡೆಯ ಕಡೆ ಕೂತು ಕೇಳಿದವಳು, ಗೊತ್ತಿಲ್ಲದೆ ತಿರುಗಿಸುವ ಸಾಲಿಗೆ ಸೇರಿಬಿಟ್ಟಿದ್ದೆ. ಸೇರಿದ ಮೇಲೆ ಎದ್ದು ಬರುವುದು ಹೇಗೆ? ಮತ್ತೆ ಹಾಡಿದೆ, ಈ ಸಲ ಗೊತ್ತಿದ್ದೇ. ಕಮಲಿ ಎಡಗಡೆಯ ಬಟ್ಟಲಿಗೆ ತನ್ನ ಕಿವಿ ಹಚ್ಚಿ, ಒಮ್ಮೆ ಒಳಗಿನದನ್ನು, ಒಮ್ಮೆ ನನ್ನನ್ನು ಕೇಳುತ್ತ ಸ್ವಲ್ಪ ದೂರ ಬಂದಳು. ಆಮೇಲೆ ತೀರ್ಪು ಕೊಟ್ಟಳು.

"ನೀನೂ ಮುಂಚೀನೇ ಹಿಡೀತಿ ಅಕ್ಕಾ. ಭಾವನಂಗೇ. ತಪ್ಪದ ಅದು."

ಇರಬಹುದು. ಒಬ್ಬರೇ ಮುಂಚೆ ಹಿಡಿದರೆ ಅದು ತಪ್ಪೇ. ಆದರೆ ಇಬ್ಬರು ಕೂಡಿ ಹಿಡಿದ ಮೇಲೆ, ಉಳಿದ ಸಾಲೇ ತಡ ಮಾಡಿತು ಎಂದು ತಿಳಿಯಬೇಕು. ಕಮಲಿಗೆ ಹಾಗೆಯೇ ಹೇಳಿದೆ, ಇಡೀ ಬಸ್ಸಿಗೆ ಕೇಳುವ ಹಾಗೆ.